ಚಳಿಗಾಲದ ಕಷಾಯವೂ ಶುಂಠಿ–ಆರ್ದ್ರಕ ವಿವೇಕವೂ: ಪಿರಿಯಾಪಟ್ಟಣ ಸೀಮೆಯ ಹಿನ್ನೆಲೆಯಲ್ಲಿ ಜೈನ ವೈದ್ಯ ಹಸ್ತಪ್ರತಿಗಳ ಒಂದು ಪಾಠಸಮಸ್ಯೆ

ಕನ್ನಡದ ಜೈನ ಗ್ರಂಥಕಾರರು ಪುರಾಣ ಚರಿತೆಗಳನ್ನು ಬರೆದಷ್ಟೇ ಶ್ರದ್ಧೆಯಿಂದ ಲೌಕಿಕ ಶಾಸ್ತ್ರಗಳನ್ನೂ ಬರೆದರೆಂಬುದು ವಿದ್ವಾಂಸರಿಗೆ ತಿಳಿದ ವಿಷಯ. ವೈದ್ಯ, ವಿಷಚಿಕಿತ್ಸೆ, ಗೋವೈದ್ಯ, ಅಶ್ವವೈದ್ಯ, ಗಣಿತ, ಪಾಕ ಇವೆಲ್ಲವೂ ಅವರ ಲೇಖನಿಗೆ ವಸ್ತುಗಳಾದುವು. ಹೀಗಿದ್ದೂ ಮನೆಮನೆಯ ಒಲೆಯ ಮೇಲೆ ದಿನವೂ ಕುದಿಯುತ್ತಿದ್ದ ಒಂದು ಪಾನೀಯ ಈ ಶಾಸ್ತ್ರಗಳ ನಡುವೆ ನಿಂತುಬಿಟ್ಟಿದೆ. ಅದು ಚಳಿಗಾಲದ ಕಷಾಯ. ರೋಗಿಗೆ ಕೊಡುವ ಔಷಧವಲ್ಲವಾದುದರಿಂದ ವೈದ್ಯಗ್ರಂಥ ಅದನ್ನು ಪೂರ್ತಿಯಾಗಿ ತನ್ನದೆನ್ನುವುದಿಲ್ಲ; ಭೋಜನದ ಅಂಗವಲ್ಲವಾದುದರಿಂದ ಸೂಪಶಾಸ್ತ್ರವೂ ಅದಕ್ಕೆ ಎಲೆಯ ಮೇಲೆ ಸ್ಥಾನ ಕೊಡುವುದಿಲ್ಲ. ಆದರೂ ಈ ಸಾಮಾನ್ಯ ಪಾನೀಯದ ಒಂದು ದ್ರವ್ಯವನ್ನು, ಅಂದರೆ ಶುಂಠಿಯನ್ನು, ಹಿಡಿದು ಹೊರಟರೆ ಜೈನ ವೈದ್ಯ ಹಸ್ತಪ್ರತಿಗಳನ್ನು ಓದುವ ಕ್ರಮಕ್ಕೇ ಸಂಬಂಧಿಸಿದ ಪ್ರಶ್ನೆಯೊಂದು ಎದುರಾಗುತ್ತದೆ. ಹಸ್ತಪ್ರತಿಯಲ್ಲಿ ‘ಶುಂಠಿ’ ಎಂದಿರುವಲ್ಲಿ ಸಂಪಾದಕನು ಯಾವ ಶುಂಠಿಯನ್ನು ತಿಳಿಯಬೇಕು?

ಪ್ರಶ್ನೆ ಅಲ್ಪವೆಂದು ತೋರಬಹುದು. ಶ್ರಾವಕಾಚಾರವನ್ನು ಬಲ್ಲವರಿಗೆ ಹಾಗೆ ತೋರದು.

ಈ ವಿಚಾರಕ್ಕೆ ಪಿರಿಯಾಪಟ್ಟಣ ಸೀಮೆ ಬಹಳ ತಕ್ಕ ನೆಲ. ಪಶ್ಚಿಮಕ್ಕೆ ಕೊಡಗಿನ ಮಲೆ, ದಕ್ಷಿಣಕ್ಕೆ ನಾಗರಹೊಳೆಯ ಕಾಡು, ಉತ್ತರಕ್ಕೆ ಕಾವೇರಿಯ ಬಯಲು. ಮಾರ್ಗಶಿರ ಪುಷ್ಯಗಳಲ್ಲಿ ಬೆಟ್ಟದಪುರದ ಬೆಟ್ಟ ಹೊತ್ತೇರುವವರೆಗೂ ಮಂಜಿನಲ್ಲಿ ಮುಳುಗಿರುತ್ತದೆ. ಮೆಣಸು ಏಲಕ್ಕಿಗಳು ಕೊಡಗಿನ ಕಡೆಯಿಂದ ಇಳಿದುಬರುವ ದಾರಿ ಇದು. ಶುಂಠಿಯಂತೂ ಇಂದು ಪಿರಿಯಾಪಟ್ಟಣ, ಹುಣಸೂರು, ಹೆಗ್ಗಡದೇವನಕೋಟೆಗಳ ಹೊಲಗಳಲ್ಲಿ ಹೊಗೆಸೊಪ್ಪಿನೊಡನೆ ಸ್ಪರ್ಧಿಸುವಷ್ಟು ಬೆಳೆದುನಿಂತ ವಾಣಿಜ್ಯ ಬೆಳೆ. ಚರಿತ್ರೆಯ ದೃಷ್ಟಿಯಿಂದ ನೋಡಿದರೆ ಇದು ಚೆಂಗಾಳ್ವರ ನಾಡು. ಕೃಷ್ಣರಾಜನಗರದ ಕಡೆಯ ಹನಸೋಗೆ, ಶಾಸನಗಳ ಪನಸೋಗೆ, ದೇಶೀಗಣ ಪುಸ್ತಕಗಚ್ಛದ ಪ್ರಸಿದ್ಧ ಕೇಂದ್ರವಾಗಿದ್ದು, 11ನೆಯ ಶತಮಾನದಲ್ಲಿ ಚೆಂಗಾಳ್ವ ಅರಸರ ಆಶ್ರಯದಲ್ಲಿ ಅಲ್ಲಿನ ಬಸದಿಗಳು ಪುನರುಜ್ಜೀವನಗೊಂಡುವು. ಅರಸುಮನೆತನ ಮುಂದೆ ವೀರಶೈವದ ಕಡೆಗೆ ತಿರುಗಿದ ಮೇಲೂ ಅದರ ಆಶ್ರಯದಲ್ಲಿದ್ದ ಜೈನ ಮನೆತನಗಳು ವಿದ್ಯೆಯನ್ನು ಬಿಡಲಿಲ್ಲ. ಕಲ್ಲಹಳ್ಳಿಯ ವಿಜಯಭೂಪಾಲನ ಮಗನಾದ ಮೂರನೆಯ ಮಂಗರಸ ಅಂಥ ಒಂದು ಮನೆತನದವನು.

ಮಂಗರಸನ ಹೆಸರಿನವರು ಮೂವರಿದ್ದಾರೆ. ಮೂವರನ್ನೂ ಬೇರ್ಪಡಿಸಿಕೊಳ್ಳುವುದು ಇಲ್ಲಿ ಅಗತ್ಯ, ಏಕೆಂದರೆ ಮೂವರೂ ಈ ವಿಷಯದ ಸುತ್ತಮುತ್ತಲೇ ಇದ್ದಾರೆ. 14ನೆಯ ಶತಮಾನದ ಮೊದಲನೆಯ ಮಂಗರಾಜ ‘ಖಗೇಂದ್ರಮಣಿದರ್ಪಣ’ವೆಂಬ ವಿಷವೈದ್ಯ ಗ್ರಂಥದ ಕರ್ತೃ. ಎರಡನೆಯವನಾದ ಅಭಿನವ ಮಂಗರಾಜ 1398ರಲ್ಲಿ ನಿಘಂಟನ್ನು ರಚಿಸಿದನು. ಕಲ್ಲಹಳ್ಳಿಯ ಮೂರನೆಯ ಮಂಗರಸ 16ನೆಯ ಶತಮಾನದ ಆರಂಭದವನು. ‘ಸಮ್ಯಕ್ತ್ವಕೌಮುದಿ’, ‘ಜಯನೃಪಕಾವ್ಯ’, ‘ನೇಮಿಜಿನೇಶಸಂಗತಿ’ಗಳ ಕವಿ ಇವನೇ. ಇವನ ‘ಸೂಪಶಾಸ್ತ್ರ’ ಕನ್ನಡದಲ್ಲಿ ಪಾಕಕ್ಕೇ ಮೀಸಲಾದ ಪದ್ಯಗ್ರಂಥ. ವಿಷ, ಶಬ್ದ, ಅಡುಗೆ ಎಂದು ಮೂರು ಬಗೆಯ ಗ್ರಂಥಗಳಿಗೆ ಮೂವರು ಸಮಾನನಾಮಧೇಯರು ಕರ್ತೃಗಳಾದುದು ಹಸ್ತಪ್ರತಿ ಸೂಚಿಗಳಲ್ಲಿ ಗೊಂದಲಕ್ಕೆ ಎಡೆಗೊಡುವಂಥದು.

‘ಸೂಪಶಾಸ್ತ್ರ’ದಲ್ಲಿ ಪಿಷ್ಟಪಾಕದ ಅನಂತರ ಪಾನಕಕ್ಕೆ ಪ್ರತ್ಯೇಕ ಅಧ್ಯಾಯವಿದೆ; ಆಮೇಲೆ ಕಲಮಾನ್ನ, ಶಾಕಗಳು. ಪಾನಕವನ್ನು ಕಷಾಯದ ಪೂರ್ವರೂಪವೆಂದು ಎಣಿಸುವುದು ಸರಿಯಲ್ಲ. ಪಾನಕದ ಪ್ರಾಣ ಮಾಧುರ್ಯ, ಪರಿಮಳ ಮತ್ತು ತಂಪು. ಅದು ಬೇಸಗೆಯ ಹಾಗೂ ಔತಣದ ಪಾನೀಯ. ಕಷಾಯದ ಪ್ರಾಣ ಉಷ್ಣ ಮತ್ತು ತೀಕ್ಷ್ಣತೆ. ಅದು ಚಳಿಯ ಹಾಗೂ ಮಿತವ್ಯಯದ ಪಾನೀಯ. ಅರಸುಮಕ್ಕಳ ಪಂಕ್ತಿಗಾಗಿ ಬರೆದ ಕವಿ ಪಾನಕಕ್ಕೆ ಅಧ್ಯಾಯವನ್ನು ಮೀಸಲಿಟ್ಟುದು ಸಹಜ. ಮಂಗರಸನ ಗ್ರಂಥ ಇಲ್ಲಿ ಉಪಯುಕ್ತವಾಗುವುದು ಬೇರೊಂದು ಕಾರಣಕ್ಕೆ. ಜೈನ ಗೃಹಸ್ಥನ ಅಡುಗೆಮನೆ ದಾರಿದ್ರ್ಯದ ಅಡುಗೆಮನೆಯಲ್ಲ, ವಿಧಿನಿಷೇಧಗಳೊಳಗೇ ಅದು ವೈವಿಧ್ಯವನ್ನು ಸಾಧಿಸಿತು ಎಂಬುದನ್ನು ಅದು ಈ ಸೀಮೆಯ ನೆಲದಲ್ಲಿಯೇ ನಿಂತು ತೋರಿಸಿಕೊಡುತ್ತದೆ. ಇದಕ್ಕೂ ಮೊದಲು, 1025ರ ಸುಮಾರಿನ ‘ಲೋಕೋಪಕಾರ’ದಲ್ಲಿ ಚಾವುಂಡರಾಯನು (ಗೊಮ್ಮಟನನ್ನು ಮಾಡಿಸಿದ ಚಾವುಂಡರಾಯನಲ್ಲ) ಪಾಕವನ್ನೂ ವೈದ್ಯವನ್ನೂ ಒಂದೇ ಗ್ರಂಥದಲ್ಲಿ ಅಕ್ಕಪಕ್ಕದಲ್ಲಿರಿಸಿದ್ದನು. ಕಷಾಯ ನಿಜವಾಗಿ ಸೇರಬೇಕಾದುದು ಆ ಎರಡು ಅಧ್ಯಾಯಗಳ ನಡುವಣ ಗಡಿಗೆ.

ಈಗ ‘ಕಷಾಯ’ವೆಂಬ ಶಬ್ದಕ್ಕೆ ಬರೋಣವಾಗಲಿ. ಪಂಡಿತರ ಕಿವಿಗೆ ಈ ಶಬ್ದ ಬಿದ್ದೊಡನೆ ಕ್ರೋಧ ಮಾನ ಮಾಯಾ ಲೋಭಗಳು ನೆನಪಾಗುವುದೇ ಹೊರತು ಒಲೆಯ ಮೇಲಣ ಪಾತ್ರೆಯಲ್ಲ. ಆದರೆ ಎರಡು ಅರ್ಥಗಳಿಗೂ ನಂಟನ್ನು ಕಲ್ಪಿಸಿದವರು ಪೂಜ್ಯಪಾದರೇ. ಆಲ ಮೊದಲಾದ ಮರಗಳ ಒಗರುರಸ ಬಣ್ಣವನ್ನು ಬಟ್ಟೆಗೆ ಅಂಟಿಸುವಂತೆ ಕ್ರೋಧಾದಿಗಳು ಕರ್ಮವನ್ನು ಆತ್ಮಕ್ಕೆ ಅಂಟಿಸುತ್ತವೆ ಎಂಬುದು ‘ಸರ್ವಾರ್ಥಸಿದ್ಧಿ’ಯ ವಿವರಣೆ. ವೈದ್ಯಗ್ರಂಥ ಕರ್ತೃವೆಂದೂ ಪರಂಪರೆ ಸ್ಮರಿಸುವ ಆಚಾರ್ಯರ ಬಾಯಲ್ಲಿ ಈ ಉಪಮಾನ ಬಂದುದು ಸ್ವಾರಸ್ಯಕರ.

ವೈದ್ಯಶಾಸ್ತ್ರದ ಪರಿಭಾಷೆಯಲ್ಲಿ ಕಷಾಯವು ಒಂದೇ ಬಗೆಯದಲ್ಲ. ಸ್ವರಸ, ಕಲ್ಕ, ಕ್ವಾಥ, ಹಿಮ, ಫಾಂಟ ಎಂಬ ಐದೂ ಕಷಾಯಕಲ್ಪನೆಗಳೇ. ಹಸಿಯ ದ್ರವ್ಯವನ್ನು ಹಿಂಡಿದರೆ ಸ್ವರಸ, ಅರೆದರೆ ಕಲ್ಕ, ನೀರಿನಲ್ಲಿ ಕುದಿಸಿ ಬತ್ತಿಸಿದರೆ ಕ್ವಾಥ, ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸಿದರೆ ಹಿಮ, ಕಾದ ನೀರನ್ನು ಪುಡಿಯ ಮೇಲೆ ಸುರಿದು ಸೋಸಿದರೆ ಫಾಂಟ. ಶಾರ್ಙ್ಗಧರನ ಮಾನದಂತೆ ಕ್ವಾಥಕ್ಕೆ ಒಂದು ಪಲ ದ್ರವ್ಯಕ್ಕೆ 16 ಪಾಲು ನೀರು ಹೊಯ್ದು ಎಂಟರಲ್ಲೊಂದು ಪಾಲಿಗೆ ಇಳಿಸಬೇಕು. ಫಾಂಟಕ್ಕೆ ಒಂದು ಪಲ ಪುಡಿಗೆ ನಾಲ್ಕು ಪಲದಷ್ಟು ಬಿಸಿನೀರು ಸಾಕು. ಇಂದು ‘ಗಿಡಮೂಲಿಕೆಯ ಚಹಾ’ ಎಂದು ಕರೆಯುವುದು ಕ್ರಮದಿಂದ ನೋಡಿದರೆ ಫಾಂಟವೇ. ನಮ್ಮ ಸೀಮೆಯ ಮನೆಗಳ ಕಷಾಯ ಫಾಂಟಕ್ಕಿಂತ ಹೆಚ್ಚು ಕುದಿದದ್ದು, ಕ್ವಾಥಕ್ಕಿಂತ ಕಡಮೆ ಬತ್ತಿದ್ದು. ಔಷಧದ ತೀವ್ರತೆಯನ್ನು ಬಿಟ್ಟುಕೊಟ್ಟು ನಿತ್ಯಪಾನಕ್ಕೆ ಒಗ್ಗಿಸಿಕೊಂಡ ರೂಪವದು. ಚಹಾ ಕಾಫಿಗಳು ಹಳ್ಳಿಯ ಮನೆಗಳನ್ನು ಹೊಗುವ ಮುನ್ನ ಬೆಳಗಿನ ಬಿಸಿಪಾನೀಯದ ಸ್ಥಾನ ಇದಕ್ಕಿತ್ತು.

ಮಾಡುವ ಕ್ರಮ ಸರಳ. ಕೊತ್ತಂಬರಿ ಬೀಜ ನಾಲ್ಕು ಪಾಲು, ಜೀರಿಗೆ ಎರಡು ಪಾಲು, ಮೆಣಸು ಒಂದು ಪಾಲು, ಒಣಶುಂಠಿ ಒಂದು ಪಾಲು. ಒಂದೊಂದನ್ನೂ ಬೇರೆಯಾಗಿ ಹದವಾಗಿ ಹುರಿಯಬೇಕು. ಒಟ್ಟಿಗೆ ಹುರಿದರೆ ಜೀರಿಗೆ ಕರಿಯಾಗುವ ವೇಳೆಗೆ ಕೊತ್ತಂಬರಿ ಹಸಿಯಾಗಿಯೇ ಉಳಿಯುತ್ತದೆ. ಆರಿದ ಮೇಲೆ ತರಿಯಾಗಿ ಕುಟ್ಟಿ, ಎರಡು ಲೋಟ ನೀರಿಗೆ ಒಂದು ಚಮಚೆಯಷ್ಟು ಹಾಕಿ, ಒಂದು ಲೋಟದಷ್ಟಕ್ಕೆ ಇಳಿಯುವವರೆಗೆ ಸಣ್ಣ ಉರಿಯಲ್ಲಿ ಕುದಿಸಿ, ಬೆಲ್ಲ ಬೆರೆಸಿ ಸೋಸುವುದು. ಬೇಕಾದವರು ಕಾಯಿಸಿದ ಹಾಲನ್ನು ಸೇರಿಸುತ್ತಾರೆ. ನೆಗಡಿ ಕೆಮ್ಮುಗಳಿದ್ದರೆ ತುಳಸಿ, ದೊಡ್ಡಪತ್ರೆ, ಆಡುಸೋಗೆಗಳಲ್ಲೊಂದು ಸೇರುತ್ತದೆ. ಪಿತ್ತಪ್ರಕೃತಿಯವರಿಗೆ ಮೆಣಸನ್ನು ಕಡಮೆ ಮಾಡಿ ಕೊತ್ತಂಬರಿಯನ್ನು ಹೆಚ್ಚಿಸುವುದು ವಾಡಿಕೆ. ಇಷ್ಟು ಎಲ್ಲ ಮನೆಗಳಿಗೂ ಸಮಾನ. ಜೈನ ಮನೆಯಲ್ಲಿ ಇದು ಬೇರೆಯಾಗುವುದು ನೀರಿನಲ್ಲಿ, ಹೊತ್ತಿನಲ್ಲಿ, ಸಿಹಿಯಲ್ಲಿ ಮತ್ತು ಎಲ್ಲಕ್ಕೂ ಮಿಗಿಲಾಗಿ ಶುಂಠಿಯಲ್ಲಿ.

ನೀರಿನ ವಿಷಯವನ್ನು ಮೊದಲು ನೋಡಬಹುದು. ವಸ್ತ್ರಗಾಲಿತ ಜಲದ ಮರ್ಯಾದೆ ಒಂದು ಮುಹೂರ್ತ, ಅಂದರೆ 48 ನಿಮಿಷ. ಲವಂಗವೇ ಮೊದಲಾದ ದ್ರವ್ಯಗಳಿಂದ ಪ್ರಾಸುಕ ಮಾಡಿದ ಜಲಕ್ಕೆ ಎರಡು ಪ್ರಹರ. ಚೆನ್ನಾಗಿ ಕುದಿಸಿದ ಜಲಕ್ಕೆ ಒಂದು ಅಹೋರಾತ್ರ. ಶ್ರಾವಕಾಚಾರದ ಈ ಮಾತು ಸರ್ವವಿದಿತ. ಆದರೆ ಅದರಿಂದ ಹೊರಡುವ ಒಂದು ಅಂಶವನ್ನು ಪಾಕಚರಿತ್ರೆಯ ದೃಷ್ಟಿಯಿಂದ ಯಾರೂ ಒತ್ತಿ ಹೇಳುವುದಿಲ್ಲ. ಲವಂಗವನ್ನೋ ಅಳಲೆಯ ಪುಡಿಯನ್ನೋ ಹಾಕಿ ನೀರಿನ ವರ್ಣ ಗಂಧ ರಸಗಳನ್ನು ಬದಲಿಸುವುದು ಜೈನ ಮನೆಗೆ ಔಷಧಕಾರ್ಯವಲ್ಲ, ನಿತ್ಯಕಾರ್ಯ. ಇಂಥ ಮನೆಗೆ ಕಷಾಯ ಹೊಸದಾಗಿ ಬರಬೇಕಾಗಿರಲಿಲ್ಲ. ಪ್ರಾಸುಕ ಜಲದ ಲವಂಗದ ಜೊತೆಗೆ ಮೆಣಸು ಜೀರಿಗೆಗಳು ಸೇರಿದರೆ ಅದೇ ಕಷಾಯ. ಕುದಿಸಿ ಕುಡಿಯಬೇಕೆಂಬ ವಿಧಿ ವರ್ಷವಿಡೀ ಇದ್ದು, ಚಳಿಗಾಲದಲ್ಲಿ ಆ ವಿಧಿ ಸುಖವೂ ಆಗುತ್ತಿತ್ತು.

ಪುಡಿಗೂ ಮರ್ಯಾದೆಯುಂಟು. ಕುಟ್ಟಿದ ಚೂರ್ಣಕ್ಕೆ ಶೀತಕಾಲದಲ್ಲಿ ಏಳು ದಿನ, ಗ್ರೀಷ್ಮದಲ್ಲಿ ಐದು ದಿನ, ವರ್ಷಾಕಾಲದಲ್ಲಿ ಮೂರು ದಿನ. ಆದುದರಿಂದ ಇತರರಂತೆ ವರ್ಷಕ್ಕಾಗುವ ಕಷಾಯದ ಪುಡಿಯನ್ನು ಭರಣಿಯಲ್ಲಿ ತುಂಬಿಡುವುದಕ್ಕೆ ವ್ರತನಿಷ್ಠರ ಮನೆಯಲ್ಲಿ ಎಡೆಯಿಲ್ಲ. ವಾರಕ್ಕೊಮ್ಮೆ ಕುಟ್ಟಬೇಕು. ಪರಿಮಳದ ದೃಷ್ಟಿಯಿಂದಲೂ ಇದು ಲಾಭವೇ. ಮೆಣಸು ಕೊತ್ತಂಬರಿಗಳ ತೈಲಾಂಶ ಪುಡಿಯಾದ ಮೇಲೆ ಬೇಗ ಹಾರಿಹೋಗುತ್ತದೆ.

ಹೊತ್ತಿನ ನಿಯಮ ಇನ್ನೂ ಬಿಗಿ. ಚಳಿ ಹೆಚ್ಚುವುದು ರಾತ್ರಿ. ಕಷಾಯ ಬೇಕೆನಿಸುವುದೂ ರಾತ್ರಿಯೇ. ಖಾದ್ಯ ಸ್ವಾದ್ಯ ಲೇಹ್ಯ ಪೇಯಗಳೆಂಬ ಚತುರ್ವಿಧಾಹಾರವನ್ನೂ ರಾತ್ರಿ ತೊರೆದವನಿಗೆ ಕಷಾಯವೂ ಪೇಯವೇ. ಹೀಗಾಗಿ ಅದು ಸೂರ್ಯಾಸ್ತದ ಮುನ್ನಿನ ಊಟದ ಕಡೆಗೋ ಮುಂಜಾನೆ ಸೂರ್ಯೋದಯದ ಮೇಲಕ್ಕೋ ಸರಿಯಿತು. ಹೇಮಂತದಲ್ಲಿ ಜಠರಾಗ್ನಿ ಪ್ರಬಲ, ಶಿಶಿರದಲ್ಲಿ ಕಫ ಸಂಚಯ, ವಸಂತದಲ್ಲಿ ಅದರ ಪ್ರಕೋಪ ಎಂದು ಋತುಚರ್ಯೆ ಹೇಳುತ್ತದೆ. ಬೆಳಗಿನ ಹೊತ್ತು ಕಫದ ಹೊತ್ತೆಂದೂ ಹೇಳುತ್ತದೆ. ವ್ರತವು ತಳ್ಳಿದ ಹೊತ್ತಿಗೂ ವೈದ್ಯವು ಒಪ್ಪುವ ಹೊತ್ತಿಗೂ ಇಲ್ಲಿ ವಿರೋಧ ಬರಲಿಲ್ಲ.

ಸಿಹಿಯಲ್ಲಿಯೂ ಇಂಥದೇ ಹೊಂದಾಣಿಕೆ. ಮದ್ಯ ಮಾಂಸ ಮಧುಗಳ ತ್ಯಾಗ ಮೂಲಗುಣಗಳಲ್ಲಿಯೇ ಸೇರಿದ್ದು, ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಅಮೃತಚಂದ್ರರು ಜೇನಿನ ಒಂದು ಹನಿಯಲ್ಲೂ ಹಿಂಸೆಯನ್ನು ಕಾಣುತ್ತಾರೆ, ತಾನಾಗಿ ಒಸರಿದ ಜೇನಿಗೂ ಅವರು ವಿನಾಯಿತಿ ಕೊಡುವುದಿಲ್ಲ. ಆದುದರಿಂದ ಕಷಾಯಕ್ಕೆ ಬೆಲ್ಲ ಇಲ್ಲವೆ ಕಲ್ಲುಸಕ್ಕರೆ. ಇತ್ತ ಚರಕ ಸುಶ್ರುತರು ಜೇನನ್ನು ಬಿಸಿಯೊಡನೆ ಸೇರಿಸುವುದು ವಿರುದ್ಧವೆಂದರು. ಕ್ವಾಥಕ್ಕೆ ಜೇನನ್ನು ಬೆರೆಸುವುದಿದ್ದರೂ ಅದು ಆರಿದ ಮೇಲೆ. ಬಿಸಿಬಿಸಿಯಾಗಿ ಕುಡಿಯುವ ಚಳಿಗಾಲದ ಕಷಾಯಕ್ಕೆ ಮಟ್ಟಿಗೆ ಎರಡು ಶಾಸ್ತ್ರಗಳೂ ಬೇರೆ ಬೇರೆ ಕಾರಣಗಳಿಂದ ಒಂದೇ ನಿರ್ಣಯಕ್ಕೆ ಬಂದಂತಾಯಿತು.

ಶುಂಠಿಯಲ್ಲಿ ಮಾತ್ರ ವಿಷಯ ಇಷ್ಟು ಸುಲಭವಲ್ಲ.

ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದ ಭೋಗೋಪಭೋಗಪರಿಮಾಣ ಪ್ರಕರಣದಲ್ಲಿ ಫಲ ಅಲ್ಪವೂ ಘಾತ ಬಹಳವೂ ಆದ ವಸ್ತುಗಳನ್ನು ಹೆಸರಿಸುತ್ತಾರೆ. ಮೂಲಂಗಿ, ಬೆಣ್ಣೆ, ಬೇವಿನ ಹೂ, ಕೇದಗೆಗಳ ಜೊತೆಗೆ ಅಲ್ಲಿ ಶೃಂಗವೇರವೂ ಇದೆ. ಗಮನಿಸಬೇಕಾದುದು ಆ ಶಬ್ದದ ಹಿಂದಿರುವ ವಿಶೇಷಣ. ಆಚಾರ್ಯರು ಬರಿಯ ಶೃಂಗವೇರವೆನ್ನಲಿಲ್ಲ, ಆರ್ದ್ರವಾದ ಶೃಂಗವೇರವೆಂದರು. ಅನುಷ್ಟುಪ್ಪಿಗಿಂತ ಸ್ವಲ್ಪವೇ ಹಿರಿದಾದ ಆ ಪುಟ್ಟ ಆರ್ಯೆಯಲ್ಲಿ ಮಾತ್ರೆಗಳನ್ನು ವ್ಯರ್ಥಮಾಡುವ ಕವಿಯಲ್ಲ ಅವರು. ವಿಶೇಷಣವಿದ್ದಲ್ಲಿ ವ್ಯಾವರ್ತ್ಯವಿರಬೇಕು. ಒಣಗಿದ ಶೃಂಗವೇರವನ್ನು ನಿಷೇಧದಿಂದ ಹೊರಗಿಡುವುದೇ ಅದರ ಪ್ರಯೋಜನ. ಶ್ವೇತಾಂಬರ ಆಗಮದಲ್ಲಿಯೂ ಇದಕ್ಕೆ ಸಂವಾದಿಯಾದ ಮಾತುಂಟು. ‘ದಶವೈಕಾಲಿಕ’ದ ಮೂರನೆಯ ಅಧ್ಯಯನದಲ್ಲಿ ಮುನಿಗೆ ಅನಾಚೀರ್ಣವಾದವುಗಳ ನಡುವೆ ಮೂಲಂಗಿ, ಸಿಂಗಬೇರ, ಕಬ್ಬಿನ ತುಂಡುಗಳು ಬರುತ್ತವೆ, ಅಲ್ಲಿಯೂ ನಿರ್ಜೀವವಾಗದ ಅವಸ್ಥೆಯನ್ನು ಸೂಚಿಸುವ ವಿಶೇಷಣವಿದೆ. ಎರಡು ಸಂಪ್ರದಾಯಗಳಲ್ಲಿಯೂ ನಿಷೇಧ ಬಿದ್ದಿರುವುದು ವಸ್ತುವಿನ ಜಾತಿಯ ಮೇಲಲ್ಲ, ಅವಸ್ಥೆಯ ಮೇಲೆ.

ಇಲ್ಲಿ ಒಂದು ಪೂರ್ವಪಕ್ಷ ಸಹಜ. ಒಣಗಿದುದು, ಬೆಂದುದು, ಕಾದುದು, ಹುಳಿ ಉಪ್ಪುಗಳೊಡನೆ ಬೆರೆತುದು, ಯಂತ್ರದಿಂದ ತುಂಡಾದುದು ಇವೆಲ್ಲ ಪ್ರಾಸುಕವೆಂದ ಮೇಲೆ, ಹಸಿಯ ಶುಂಠಿಯನ್ನು ಜಜ್ಜಿ ಕುದಿಸಿದರೆ ಅದೂ ಪ್ರಾಸುಕವಾಗುವುದಿಲ್ಲವೆ? ಕಷಾಯ ಕುಡಿಯುವ ಹೊತ್ತಿಗೆ ಅದರಲ್ಲಿ ಸಚಿತ್ತವೆಂಬುದೇನೂ ಉಳಿದಿರುವುದಿಲ್ಲವಲ್ಲ? ಉತ್ತರವನ್ನು ಆಚಾರ್ಯರ ಹೇತುವಿನಲ್ಲಿಯೇ ಹುಡುಕಬೇಕು. ಅವರು ಹೇಳಿದ ಹೇತು ಸಚಿತ್ತತ್ವವಲ್ಲ, ಬಹುವಿಘಾತ. ಗೊಮ್ಮಟಸಾರದ ಜೀವಕಾಂಡದಲ್ಲಿ ವನಸ್ಪತಿಗಳನ್ನು ಮೂಲಬೀಜ, ಅಗ್ರಬೀಜ, ಪರ್ವಬೀಜ, ಕಂದಬೀಜಗಳೆಂದು ವಿಂಗಡಿಸುವಲ್ಲಿ ವ್ಯಾಖ್ಯಾನಪರಂಪರೆ ಮೂಲಬೀಜಕ್ಕೆ ಕೊಡುವ ಉದಾಹರಣೆಗಳು ಹಸಿಶುಂಠಿ ಮತ್ತು ಅರಿಸಿನ. ತುಂಡು ಮಾಡಿದರೆ ತುಂಡು ತುಂಡೂ ಚಿಗುರುವಂಥವು ಇವು. ಒಂದು ದೇಹವನ್ನು ಆಶ್ರಯಿಸಿ ಅನಂತ ಜೀವಗಳು. ಅಂಥದನ್ನು ನಾಲಗೆಯ ಚುರುಕಿಗಾಗಿ ಕೈಯಾರೆ ಜಜ್ಜುವ ಕ್ರಿಯೆಯೇ ಇಲ್ಲಿ ದೋಷ. ಪಾನವು ಆಮೇಲಿನ ಮಾತು. ಒಣಶುಂಠಿಯಾದರೋ ಶ್ರಾವಕನ ಒಲೆಯ ಬಳಿಗೆ ಬರುವ ಮೊದಲೇ ಚಿಗುರುವ ಶಕ್ತಿಯನ್ನು ಕಳೆದುಕೊಂಡಿರುತ್ತದೆ. ಒಣಗಿಸುವವನ ಹಿಂಸೆ ಎಲ್ಲಿ ಹೋಯಿತೆಂದು ಕೇಳಿದರೆ, ಅದು ಕೃತ ಕಾರಿತ ಅನುಮೋದನಗಳ ವಿಚಾರಕ್ಕೆ ಸೇರುತ್ತದೆ. ಕೃಷಿಯ ಧಾನ್ಯಕ್ಕೂ ಅದೇ ಪ್ರಶ್ನೆ ಉಂಟು.

ಧರ್ಮಶಾಸ್ತ್ರಕ್ಕೆ ಇಷ್ಟು ಮುಖ್ಯವಾದ ಭೇದವನ್ನು ಶಬ್ದಶಾಸ್ತ್ರವೂ ಸ್ಪಷ್ಟವಾಗಿ ಕಾಪಾಡಿತ್ತು. ಅಮರನ ವೈಶ್ಯವರ್ಗದಲ್ಲಿ ಆರ್ದ್ರಕ, ಶೃಂಗವೇರಗಳು ಒಂದು ಕಡೆ. ಶುಂಠಿ, ಮಹೌಷಧ, ವಿಶ್ವ, ನಾಗರ, ವಿಶ್ವಭೇಷಜಗಳು ಇನ್ನೊಂದು ಕಡೆ. ಮೊದಲನೆಯವು ಹಸಿಯದಕ್ಕೆ, ಎರಡನೆಯವು ಒಣಗಿದುದಕ್ಕೆ. ಒಂದೇ ಗಿಡದ ಒಂದೇ ಗಡ್ಡೆಯನ್ನು ಎರಡು ದ್ರವ್ಯಗಳನ್ನಾಗಿ ಎಣಿಸಿರುವುದಕ್ಕೆ ವೈದ್ಯದಲ್ಲಿಯೂ ಕಾರಣವಿದೆ. ಭಾವಮಿಶ್ರನ ಪ್ರಕಾರ ಶುಂಠಿ ಲಘು, ಸ್ನಿಗ್ಧ, ಗ್ರಾಹಿ. ಆರ್ದ್ರಕ ಗುರು, ತೀಕ್ಷ್ಣ, ಭೇದಿ. ಒಂದು ಮಲವನ್ನು ಬಿಗಿಯುತ್ತದೆ, ಇನ್ನೊಂದು ಸಡಿಲಿಸುತ್ತದೆ. ಇಂದಿನ ರಸಾಯನಶಾಸ್ತ್ರವೂ ಇದನ್ನು ಬೇರೆ ಮಾತಿನಲ್ಲಿ ಸಮರ್ಥಿಸುತ್ತದೆ. ಹಸಿಯ ಗಡ್ಡೆಯ ಖಾರಕ್ಕೆ ಕಾರಣವಾದ ಜಿಂಜರಾಲ್ ಎಂಬ ವಸ್ತು ಒಣಗಿಸುವಾಗಲೂ ಕಾಯಿಸುವಾಗಲೂ ನೀರಿನಂಶವನ್ನು ಕಳೆದುಕೊಂಡು ಶೋಗಾಲ್ ಆಗಿ ಮಾರ್ಪಡುತ್ತದೆ. ಅದು ಮೊದಲಿನದಕ್ಕಿಂತ ಹೆಚ್ಚು ಖಾರ. ಒಣಶುಂಠಿಯು ಹಸಿಶುಂಠಿಯ ಬಡ ಪ್ರತಿನಿಧಿಯಲ್ಲ, ಬೇರೊಂದು ದ್ರವ್ಯ.

ಕೆಡುಕು ಆರಂಭವಾದುದು ಕನ್ನಡದ ರೂಢಿಯಲ್ಲಿ. ಉತ್ತರ ಕರ್ನಾಟಕದ ಮಾತಿನಲ್ಲಿ ಹಸಿಯದಕ್ಕೆ ‘ಅಲ್ಲ’, ಒಣಗಿದುದಕ್ಕೆ ‘ಶುಂಠಿ’ ಎಂಬ ಭೇದ ಇಂದಿಗೂ ಉಳಿದಿದೆ. ಮೈಸೂರು ಸೀಮೆಯಲ್ಲಿ ಎರಡಕ್ಕೂ ‘ಶುಂಠಿ’ಯೇ, ಬೇಕಾದಾಗ ‘ಹಸಿ’, ‘ಒಣ’ ಎಂಬ ವಿಶೇಷಣ ಸೇರಿಸಿಕೊಳ್ಳುತ್ತಾರೆ, ಬೇಡದಾಗ ಬಿಡುತ್ತಾರೆ. ಬಿಟ್ಟಾಗ ಇಂದಿನ ಓದುಗನ ಮನಸ್ಸಿಗೆ ಬರುವುದು ಸಂತೆಯಲ್ಲಿ ರಾಶಿ ಬಿದ್ದಿರುವ ಹಸಿಯ ಗಡ್ಡೆ. ಪಿರಿಯಾಪಟ್ಟಣದ ಕಡೆಯಲ್ಲಿ ‘ಶುಂಠಿ ಹಾಕಿದ್ದಾರೆ’ ಎಂದರೆ ಹೊಲದಲ್ಲಿ ನೆಟ್ಟಿದ್ದಾರೆ ಎಂದೇ ಅರ್ಥ. ಹೀಗೆ ಮಹೌಷಧದ ಹೆಸರು ಆರ್ದ್ರಕದ ಮೇಲೆ ಕುಳಿತಿತು.

ಈ ರೂಢಿಯನ್ನು ಹಿಡಿದು ಹಸ್ತಪ್ರತಿಗೆ ಹೋದವನು ಗ್ರಂಥಕರ್ತನ ವ್ರತವನ್ನೇ ಮುರಿಯುತ್ತಾನೆ. ಜೈನ ವೈದ್ಯಗ್ರಂಥಗಳು ತಮ್ಮ ದ್ರವ್ಯಗಳ ಆಯ್ಕೆಯಲ್ಲಿ ಎಷ್ಟು ಎಚ್ಚರ ವಹಿಸಿದ್ದುವು ಎಂಬುದಕ್ಕೆ ಉಗ್ರಾದಿತ್ಯಾಚಾರ್ಯರೇ ಸಾಕ್ಷಿ. ರಾಷ್ಟ್ರಕೂಟರ ಕಾಲದ ಅವರ ‘ಕಲ್ಯಾಣಕಾರಕ’ದ ಕೊನೆಯಲ್ಲಿ ಹಿತಾಹಿತಾಧ್ಯಾಯವೆಂಬುದೊಂದಿದ್ದು, ಔಷಧಕ್ಕೂ ಮಾಂಸ ಸಲ್ಲದೆಂಬ ವಾದವನ್ನು ಅಲ್ಲಿ ರಾಜಸಭೆಯ ವಿದ್ವಾಂಸರೆದುರು ಮಂಡಿಸಿದ ಕ್ರಮದಲ್ಲಿ ಬರೆದಿದ್ದಾರೆ. 12ನೆಯ ಶತಮಾನದ ಜಗದ್ದಳ ಸೋಮನಾಥ ಕನ್ನಡಕ್ಕೆ ತಂದ ‘ಕರ್ಣಾಟಕ ಕಲ್ಯಾಣಕಾರಕ’ದ ಚಿಕಿತ್ಸೆಯೂ ಮದ್ಯ ಮಾಂಸಗಳನ್ನು ಹೊರಗಿಟ್ಟದ್ದೇ. ಔಷಧಕ್ಕಾಗಿ ಎಂಬ ವಿನಾಯಿತಿಯನ್ನು ಒಪ್ಪದ ಈ ಪರಂಪರೆ ಒಂದು ಗಡ್ಡೆಯ ವಿಷಯದಲ್ಲಿ ಮಾತ್ರ ಉದಾಸೀನವಾಗಿತ್ತೆಂದು ಎಣಿಸುವುದಕ್ಕೆ ಕಾರಣ ಬೇಕು. ಅಂಥ ಗ್ರಂಥದ ‘ಶುಂಠಿ’ಗೆ, ‘ನಾಗರ’ಕ್ಕೆ, ‘ವಿಶ್ವ’ಕ್ಕೆ ಟಿಪ್ಪಣಿಯಲ್ಲಿ ಬರಿದೆ ‘ಶುಂಠಿ’ ಎಂದು ಬರೆದು ಮುಂದೆ ಸಾಗುವ ಸಂಪಾದಕ ತಪ್ಪು ಬರೆದನೆಂದು ಹೇಳಲಾಗದು. ಆದರೆ ತನ್ನ ಕಾಲದ ಓದುಗ ತಪ್ಪಾಗಿ ಓದುವಂತೆ ಮಾಡಿದನು.

ಪಾಠನಿರ್ಣಯಕ್ಕೆ ನೆರವಾಗುವ ಸಾಧನ ಹಸ್ತಪ್ರತಿಯೊಳಗೇ ಇದೆ. ಅದು ದ್ರವ್ಯದ ಹೆಸರಿನಲ್ಲಿಲ್ಲ, ಕ್ರಿಯಾಪದದಲ್ಲಿದೆ. ‘ರಸ’, ‘ಹಿಂಡಿ’, ‘ಪಿಳಿದು’ ಎಂಬ ಮಾತುಗಳು ಬಂದರೆ ದ್ರವ್ಯ ಹಸಿಯದೇ ಆಗಿರಬೇಕು. ಒಣಗಿದುದರಿಂದ ಸ್ವರಸ ಬರುವುದಿಲ್ಲ. ‘ಚೂರ್ಣ’, ‘ಪುಡಿ’, ‘ವಸ್ತ್ರಗಾಲಿತ’, ‘ತೂಗಿ ಸಮಭಾಗ’ ಎಂಬ ಮಾತುಗಳಿದ್ದರೆ ಒಣಗಿದುದು. ಪಿಪ್ಪಲಿ ಮೆಣಸುಗಳ ನೆರೆಯಲ್ಲಿ ತ್ರಿಕಟುವಾಗಿ ಬಂದ ಶುಂಠಿ ನಿಸ್ಸಂದೇಹವಾಗಿ ಒಣಶುಂಠಿ. ಜ್ವರದ ಬಾಯಾರಿಕೆಗೆ ಹೇಳುವ ಷಡಂಗಪಾನೀಯದಲ್ಲಿ ಭದ್ರಮುಷ್ಟಿ, ಪರ್ಪಾಟಕ, ಲಾವಂಚ, ಚಂದನ, ಬಾಳದ ಬೇರುಗಳ ಜೊತೆಗೆ ಬರುವ ನಾಗರವೂ ಅದೇ. ಸಂದಿಗ್ಧವಾಗುವುದು ‘ಕುಟ್ಟಿ’, ‘ಜಜ್ಜಿ’, ‘ಅರೆದು’ ಎಂಬಲ್ಲಿ ಮಾತ್ರ. ಹಸಿಯದನ್ನೂ ಜಜ್ಜಬಹುದು, ಒಣಗಿದುದನ್ನೂ ಜಜ್ಜಬಹುದು. ಅಂಥಲ್ಲಿ ಅಳತೆಯನ್ನು ನೋಡಬೇಕು. ಹಸಿಶುಂಠಿ ಒಣಗಿದಾಗ ಸುಮಾರು ಐದರಲ್ಲೊಂದು ಪಾಲಿಗೆ ಇಳಿಯುವುದರಿಂದ, ಮೆಣಸಿಗೆ ಸಮಭಾಗವಾಗಿ ಹೇಳಿದ್ದರೆ ಒಣಗಿದುದೆಂದೂ, ಹಲವು ಪಟ್ಟು ಹೆಚ್ಚಾಗಿ ಹೇಳಿದ್ದರೆ ಹಸಿಯದೆಂದೂ ಊಹಿಸಲು ಅವಕಾಶವಿದೆ. ಜೈನ ಗ್ರಂಥದ ಪ್ರತಿಯಲ್ಲಿ ‘ಆರ್ದ್ರಕದ ರಸ’ವೆಂದೇ ಸ್ಪಷ್ಟವಾಗಿದ್ದರೆ, ಅದನ್ನು ತಿದ್ದಲು ಹೊರಡದೆ, ಅದು ಕರ್ತೃವಿನದೋ, ಪರಮತದ ಸಂ‌ಗ್ರಹದಿಂದ ಬಂದ ಯೋಗವೋ, ಲಿಪಿಕಾರನು ಸೇರಿಸಿದುದೋ ಎಂಬುದನ್ನು ಪ್ರತ್ಯಂತರಗಳಿಂದ ಪರೀಕ್ಷಿಸಬೇಕು.

ವೈದ್ಯದ ಓಲೆಗರಿಗಳ ಸ್ವಭಾವವನ್ನು ಬಲ್ಲವರಿಗೆ ಈ ಕೊನೆಯ ಸಾಧ್ಯತೆ ತೀರ ಸಮೀಪದ್ದು. ಪುರಾಣದ ಪ್ರತಿಯನ್ನು ಪುಣ್ಯಕ್ಕಾಗಿ ಬರೆಯಿಸುತ್ತಿದ್ದರು. ಅದಕ್ಕೆ ಅಕ್ಷರವನ್ನೂ ಸೇರಿಸಲು ಲಿಪಿಕಾರ ಹೆದರುತ್ತಿದ್ದನು. ವೈದ್ಯದ ಪ್ರತಿ ಬಳಕೆಯ ಪ್ರತಿ. ಆಹಾರ, ಔಷಧ, ಶಾಸ್ತ್ರ, ಅಭಯಗಳೆಂಬ ನಾಲ್ಕು ದಾನಗಳಲ್ಲಿ ಎರಡನ್ನು ಅದು ಒಂದೇ ಕಟ್ಟಿನಲ್ಲಿ ನಡೆಸುತ್ತಿತ್ತು. ಕೈಯಿಂದ ಕೈಗೆ ಹೋದಂತೆ ಅಂಚಿನಲ್ಲಿ, ಕೊನೆಯ ಖಾಲಿ ಗರಿಯಲ್ಲಿ, ಅನುಭವದ ಯೋಗಗಳು ಸೇರುತ್ತಿದ್ದುವು. ಮುಂದಿನ ಲಿಪಿಕಾರ ಅಂಚಿನದನ್ನು ಒಳಕ್ಕೆ ತರುತ್ತಿದ್ದನು. ಕೆಮ್ಮಿಗೆ, ಶೀತಕ್ಕೆ, ಅಜೀರ್ಣಕ್ಕೆ ಹೇಳಿದ ಮನೆಯ ಕಷಾಯಗಳು ಹೆಚ್ಚಾಗಿ ಇರುವುದು ಇಂಥ ಬಿಡಿಗರಿಗಳಲ್ಲಿಯೇ. ಕೆ. ಭುಜಬಲಿ ಶಾಸ್ತ್ರಿಗಳು 1948ರಲ್ಲಿ ಪ್ರಕಟವಾದ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ಯಲ್ಲಿ ಮೂಡಬಿದಿರೆ ಮೊದಲಾದೆಡೆಗಳ ಭಂಡಾರಗಳ ಗ್ರಂಥಗಳನ್ನು ವಿಷಯಾನುಸಾರ ಕ್ರಮಪಡಿಸಿ ದೊಡ್ಡ ಉಪಕಾರ ಮಾಡಿದರು. ಆದರೆ ಯಾವ ಗ್ರಂಥಸೂಚಿಯೂ ಸ್ವಭಾವತಃ ಗ್ರಂಥಗಳ ಸೂಚಿ. ಹೆಸರಿಲ್ಲದ ಬಿಡಿಗರಿ ಅದರ ಜಾಲರಿಯಿಂದ ಕೆಳಗೆ ಬೀಳುತ್ತದೆ. ಕಷಾಯದ ಚರಿತ್ರೆ ಬೇಕಾದವನು ಆ ಬಿದ್ದವನ್ನೇ ಆಯಬೇಕು.

ಪ್ರಶ್ನೆ ಕೇವಲ ಹಳೆಯ ಓಲೆಗಳದ್ದಲ್ಲವೆಂಬುದು 2020ರಲ್ಲಿ ಕಂಡುಬಂತು. ಆ ವರ್ಷದ ಸಾಂಕ್ರಾಮಿಕದ ಕಾಲದಲ್ಲಿ ಕೇಂದ್ರದ ಆಯುಷ್ ಮಂತ್ರಾಲಯ ತುಳಸಿ, ದಾಲ್ಚಿನ್ನಿ, ಮೆಣಸು, ಶುಂಠಿ, ಒಣದ್ರಾಕ್ಷಿಗಳ ಕಷಾಯವನ್ನು ದಿನಕ್ಕೆ ಒಂದೆರಡು ಸಲ ಕುಡಿಯಲು ಸಲಹೆ ಮಾಡಿತು. ಬೇಕಾದರೆ ಬೆಲ್ಲ ಅಥವಾ ನಿಂಬೆರಸ ಎಂದಿತು. ಆಯುಷ್ ಕ್ವಾಥವೆಂದು ಹೊರಟ ಯೋಗದಲ್ಲಿ ತುಳಸಿ ನಾಲ್ಕು ಪಾಲು, ದಾಲ್ಚಿನ್ನಿ ಎರಡು, ಶುಂಠಿ ಎರಡು, ಮೆಣಸು ಒಂದು. ಎರಡರಲ್ಲಿಯೂ ಉದ್ದೇಶಿಸಿದ್ದು ಒಣಶುಂಠಿ. ಜೇನಿನ ಹೆಸರೂ ಆ ಸಲಹೆಯಲ್ಲಿರಲಿಲ್ಲ. ಅಂದರೆ ವ್ರತಿಯಾದ ಶ್ರಾವಕನು ಒಂದು ದ್ರವ್ಯವನ್ನೂ ಬದಲಿಸದೆ ಸ್ವೀಕರಿಸಬಹುದಾದ ಯೋಗವಾಗಿತ್ತು ಅದು, ಅಷ್ಟಮಿ ಚತುರ್ದಶಿಗಳಲ್ಲಿ ಹಸಿ ತುಳಸಿಗೆ ಬದಲು ಒಣಗಿದ ಎಲೆಯನ್ನು ಹಾಕಿಕೊಂಡರೆ ಸಾಕು. ಕನ್ನಡದ ಮನೆಗಳಲ್ಲಿ ಮಾತ್ರ ‘ಶುಂಠಿ’ಯೆಂಬ ಹೆಸರು ಕೇಳಿ ಹಸಿಯ ಗಡ್ಡೆ ಜಜ್ಜಿದವರೇ ಬಹಳ. ಹಸ್ತಪ್ರತಿಯ ಟಿಪ್ಪಣಿಯಲ್ಲಿ ಕಳೆದುಹೋದ ವಿಶೇಷಣವೇ ಅಡುಗೆಮನೆಯಲ್ಲಿಯೂ ಕಳೆದುಹೋಗಿತ್ತು.

ಋತುವೂ ಒಣಶುಂಠಿಯ ಪರವಾಗಿಯೇ ಇದೆ. ಚೈತ್ರ ವೈಶಾಖಗಳಲ್ಲಿ ನೆಟ್ಟ ಶುಂಠಿಯನ್ನು ಹಸಿಯಾಗಿ ಮಾರುವವರು ಆರು ತಿಂಗಳಿಗೆ ಕೀಳಬಲ್ಲರು. ಒಣಗಿಸಬೇಕಾದರೆ ಎಂಟು ತಿಂಗಳು ತುಂಬಿ ಎಲೆ ಹಣ್ಣಾಗಿ ಒಣಗುವವರೆಗೆ ಕಾಯಬೇಕು. ಆಗ ಮಾರ್ಗಶಿರ ಪುಷ್ಯಗಳು ಬಂದಿರುತ್ತವೆ. ಸಿಪ್ಪೆ ಹೆರೆದು ಬಿಸಿಲಿಗೆ ಹರಡಿದ ಹೊಸ ಒಣಶುಂಠಿ ಸಿದ್ಧವಾಗುವುದೂ, ಅದನ್ನು ಬೇಡುವ ಚಳಿ ಬರುವುದೂ ಒಂದೇ ಕಾಲಕ್ಕೆ.

ಇನ್ನು ಅರಿಸಿನದ ಮಾತು. ಮೂಲಬೀಜಗಳ ಉದಾಹರಣೆಯಲ್ಲಿ ಅದು ಶುಂಠಿಯ ಪಕ್ಕದಲ್ಲಿಯೇ ಕುಳಿತಿದೆ. ಹಾಲಿಗೆ ಹಾಕುವ ಚಳಿಗಾಲದ ಕಷಾಯದಲ್ಲಿಯೂ ಅದಕ್ಕೆ ಸ್ಥಾನವುಂಟು. ಆದರೆ ಆರ್ದ್ರಕ–ಶುಂಠಿಗಳಂತೆ ಹಸಿಯದಕ್ಕೊಂದು, ಒಣಗಿದುದಕ್ಕೊಂದು ಹೆಸರನ್ನು ಭಾಷೆ ಅದಕ್ಕೆ ಕೊಡಲಿಲ್ಲ. ಹರಿದ್ರಾ, ನಿಶಾ, ರಜನೀ ಮೊದಲಾದ ಎಲ್ಲ ಹೆಸರುಗಳೂ ಎರಡಕ್ಕೂ ಸಲ್ಲುತ್ತವೆ. ಪೇಟೆಗೆ ಬರುವ ಅರಿಸಿನ ಮೊದಲು ಬೇಯಿಸಿ ಆಮೇಲೆ ಒಣಗಿಸಿದ್ದಾದುದರಿಂದ ಪುಡಿಯ ವಿಷಯದಲ್ಲಿ ಸಂದೇಹಕ್ಕೆ ಕಾರಣವಿಲ್ಲ. ಕನ್ನಡದ ‘ಅರಿಸಿನದ ಕೊಂಬು’ ಎಂಬ ಮಾತೂ ಒಣಗಿದುದನ್ನೇ ಹೇಳುತ್ತದೆ. ಹಸ್ತಪ್ರತಿಯಲ್ಲಿ ‘ಅರಿಸಿನಮಂ ಅರೆದು’ ಎಂಬಂಥ ಪ್ರಯೋಗ ಬಂದಾಗ ಮಾತ್ರ ಹೆಸರು ಯಾವ ನೆರವನ್ನೂ ಕೊಡದು. ಅಲ್ಲಿ ಮುಂದಿನ ಪದವನ್ನು ನೋಡಬೇಕು: ನೀರಿನಲ್ಲಿ ಅರೆಯಲು ಹೇಳಿದ್ದರೆ ಕೊಂಬು, ನೀರಿನ ಮಾತೇ ಇಲ್ಲದೆ ಲೇಪಕ್ಕೆ ಹದವಾಗುವಂತೆ ಅರೆಯಲು ಹೇಳಿದ್ದರೆ ಹಸಿಯ ಗಡ್ಡೆ.